ವಿಂಡ್ಸರ್ ಕುರ್ಚಿಗೆ ಓರೆ ತೂತು ಕೊರೆಯುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ವಿಂಡ್ಸರ್ ಕುರ್ಚಿ ಎಂದರೆ ಯಾವುದು? ಅದರಲ್ಲಿ ತೂತಿಗೇಕೆ ಇಷ್ಟು ಮಹತ್ವ?

ಬೆನ್ನಿಗೆ ತೆಳುವಾದ ಕಡ್ಡಿಗಳ ಸಾಲು, ನಡುವೆ ದಪ್ಪನೆಯ ಒಂದೇ ಆಸನದ ಹಲಗೆ, ಕೆಳಗೆ ಹೊರಕ್ಕೆ ಚಾಚಿದ ನಾಲ್ಕು ಕಾಲು. ಇಂಗ್ಲೆಂಡಿನ ಬಕಿಂಗ್‌ಹ್ಯಾಮ್‌ಶೈರ್‌ನ ಹೈ ವಿಕಂಬ್ ಊರು ಈ ಕುರ್ಚಿಗೆ ಹೆಸರುವಾಸಿ. ಅಮೆರಿಕದಲ್ಲಿ 18ನೇ ಶತಮಾನದ ಫಿಲಡೆಲ್ಫಿಯಾ ಇದರ ದೊಡ್ಡ ನೆಲೆಯಾಗಿತ್ತು.

ನಮ್ಮ ಮನೆಗಳ ಸಾಮಾನ್ಯ ಮರದ ಕುರ್ಚಿಯಲ್ಲಿ ಹಿಂಗಾಲೇ ಮೇಲೆ ಬೆಳೆದು ಬೆನ್ನಿನ ಕಂಬವಾಗುತ್ತದೆ, ಆಸನ ಅದರ ಚೌಕಟ್ಟಿನ ಮೇಲೆ ಕೂರುತ್ತದೆ. ವಿಂಡ್ಸರ್‌ನಲ್ಲಿ ಹಾಗಿಲ್ಲ. ಕಾಲುಗಳು ಕೆಳಗಿನಿಂದ, ಕಡ್ಡಿಗಳು ಮೇಲಿನಿಂದ, ಬೇರೆ ಬೇರೆಯಾಗಿ ಆಸನದ ಹಲಗೆಗೇ ನಾಟಿಕೊಳ್ಳುತ್ತವೆ. ಎತ್ತಿನ ಗಾಡಿಯ ಗಾಲಿಯಲ್ಲಿ ಗುಂಬಕ್ಕೆ ಅರಗಳು ಹೇಗೋ ಇಲ್ಲಿ ಆಸನಕ್ಕೆ ಕಾಲು, ಕಡ್ಡಿ ಹಾಗೆ. ಚೌಕಟ್ಟಿನ ಆಸರೆ ಇಲ್ಲದ್ದರಿಂದ ಕುರ್ಚಿಯ ನಿಲುವು, ಬಿಗಿ, ಅಂದ ಮೂರೂ ತೂತಿನ ಓರೆಯನ್ನೇ ನಂಬಿವೆ. 1 ಡಿಗ್ರಿ ತಪ್ಪಿದರೆ 450 ಮಿ.ಮೀ. ಉದ್ದದ ಕಾಲಿನ ತುದಿ ಸುಮಾರು 8 ಮಿ.ಮೀ. ಸರಿಯುತ್ತದೆ. 550 ಮಿ.ಮೀ. ಕಡ್ಡಿಯ ತುದಿಯಲ್ಲಿ ಅದೇ ತಪ್ಪು 9ರಿಂದ 10 ಮಿ.ಮೀ. ಆಗುತ್ತದೆ.

ನಕ್ಷೆಯಲ್ಲಿ ಪ್ರತಿ ಕಾಲಿಗೂ ಎರಡೆರಡು ಕೋನ ಕೊಟ್ಟಿರುತ್ತಾರೆ. ಎರಡನ್ನೂ ಒಟ್ಟಿಗೆ ಹಿಡಿದು ಕೊರೆಯುವುದು ಹೇಗೆ?

ಹಾಗೆ ಹಿಡಿಯಲು ಹೋಗಲೇಬೇಡಿ. ಕೈತಪ್ಪುವುದೇ ಅಲ್ಲಿ. ಕುರ್ಚಿಯನ್ನು ಪಕ್ಕದಿಂದ ನೋಡಿದಾಗ ಕಾಣುವುದು ಹಿಂದು-ಮುಂದಿನ ಓರೆ, ಎದುರಿನಿಂದ ನೋಡಿದಾಗ ಕಾಣುವುದು ಪಕ್ಕದ ಓರೆ. ಎರಡೂ ಒಂದೇ ಕಾಲಿನ ಒಂದೇ ವಾಲಿಕೆಯ ಎರಡು ನೋಟಗಳು, ಅಷ್ಟೇ. ಕಾಲು ನಿಜವಾಗಿ ವಾಲಿರುವುದು ಒಂದೇ ದಿಕ್ಕಿಗೆ. ಆ ದಿಕ್ಕನ್ನು ಆಸನದ ಮೇಲೆ ಗೆರೆಯಾಗಿ ಎಳೆದುಕೊಂಡರೆ (ಇದನ್ನು ನೋಟದ ಗೆರೆ ಎನ್ನೋಣ) ಉಳಿಯುವುದು ಒಂದೇ ಕೋನ. ಆ ಗೆರೆಗೆ ಎದುರಾಗಿ ನಿಂತರೆ ಡ್ರಿಲ್ ಎಡಕ್ಕೂ ಬಲಕ್ಕೂ ವಾಲದೆ ನೆಟ್ಟಗೆ ಕಾಣಬೇಕು. ಪಕ್ಕದಿಂದ ನೋಡಿದರೆ ಬೆವೆಲ್ ಗೇಜಿನ (ಅಲಗನ್ನು ಬೇಕಾದ ಕೋನಕ್ಕೆ ತಿರುಗಿಸಿ ಸ್ಕ್ರೂ ಬಿಗಿಯುವ ಸಾಧನ) ಅಲಗಿಗೆ ಸಮಾನಾಂತರವಾಗಿರಬೇಕು.

ಲೆಕ್ಕ ಹೀಗೆ. ಕೊರೆಯುವ ಕೋನದ ಟ್ಯಾಂಜೆಂಟ್ ಬೇಕಿದ್ದರೆ ಎರಡು ಓರೆಗಳ ಟ್ಯಾಂಜೆಂಟ್‌ಗಳ ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆಯಿರಿ. ನೋಟದ ಗೆರೆ ಆಸನದ ನಡುಗೆರೆಯಿಂದ ಎಷ್ಟು ತಿರುಗಿದೆ ಎಂಬುದಕ್ಕೆ ಪಕ್ಕದ ಓರೆಯ ಟ್ಯಾಂಜೆಂಟನ್ನು ಹಿಂದು-ಮುಂದಿನ ಓರೆಯ ಟ್ಯಾಂಜೆಂಟಿನಿಂದ ಭಾಗಿಸಿ, ಬಂದದ್ದು ಆ ತಿರುವಿನ ಟ್ಯಾಂಜೆಂಟ್. ಮುಂಗಾಲು ಮುಂದಕ್ಕೆ 14, ಪಕ್ಕಕ್ಕೆ 10 ಡಿಗ್ರಿ ಇದ್ದರೆ ಕೊರೆಯುವ ಕೋನ 17 ಡಿಗ್ರಿ, ನೋಟದ ಗೆರೆ ನಡುಗೆರೆಯಿಂದ 35 ಡಿಗ್ರಿ. ಹಿಂಗಾಲು ಹಿಂದಕ್ಕೆ 22, ಪಕ್ಕಕ್ಕೆ 10 ಇದ್ದರೆ ಸುಮಾರು 24 ಮತ್ತು 24.

ಟ್ಯಾಂಜೆಂಟ್ ಎಲ್ಲ ಬೇಡ, ಅಳತೆಪಟ್ಟಿಯಲ್ಲೇ ಮಾಡುವ ದಾರಿ ಇದೆಯೇ?

ಇದೆ, ನಮಗೆ ಅದೇ ಹೆಚ್ಚು ಇಷ್ಟ. ನಕ್ಷೆಯಲ್ಲಿ ಆಸನದಿಂದ 400 ಮಿ.ಮೀ. ಕೆಳಗೆ ಕಾಲು ಎಷ್ಟು ಮುಂದೆ ಹೋಗಿದೆ, ಎಷ್ಟು ಪಕ್ಕಕ್ಕೆ ಹೋಗಿದೆ ಎಂದು ಅಳೆಯಿರಿ. ಮೇಲಿನ ಮುಂಗಾಲಿಗೆ ಅದು 100 ಮತ್ತು 70 ಮಿ.ಮೀ. ಆಸನವನ್ನು ಬೋರಲು ಹಾಕಿ, ತೂತಿನ ಕೇಂದ್ರದಿಂದ ಮುಂದಕ್ಕೆ 100, ಅಲ್ಲಿಂದ ಹೊರಕ್ಕೆ 70 ಅಳೆದು ಚುಕ್ಕೆ ಇಡಿ. ಆಸನದ ಅಂಚು ಸಾಲದಿದ್ದರೆ ಎರಡನ್ನೂ ಕಾಲು ಭಾಗ ಮಾಡಿ, 25 ಮತ್ತು 17.5. ಕೇಂದ್ರಕ್ಕೂ ಚುಕ್ಕೆಗೂ ಎಳೆದ ಗೆರೆಯೇ ನೋಟದ ಗೆರೆ. ಪೂರ್ತಿ ಅಳತೆಯಲ್ಲಿ ಅದರ ಉದ್ದ 122 ಮಿ.ಮೀ. ಬರುತ್ತದೆ. ಈಗ ಪ್ಲೈವುಡ್ ತುಂಡಿನ ಮೇಲೆ ಬುಡ 122 ಮಿ.ಮೀ., ಎತ್ತರ 400 ಮಿ.ಮೀ. ಇರುವ ಲಂಬಕೋನ ತ್ರಿಕೋನ ಬರೆದು ಅದರ ಓರೆ ಗೆರೆಗೆ ಬೆವೆಲ್ ಹೊಂದಿಸಿ ಸ್ಕ್ರೂ ಬಿಗಿ ಮಾಡಿ. ಬಂದದ್ದು 17 ಡಿಗ್ರಿಯೇ. ಚಿಕ್ಕ ಕೋನಮಾಪಕದಲ್ಲಿ ಓದಿ ಹೊಂದಿಸುವುದಕ್ಕಿಂತ ಇದರಲ್ಲಿ ತಪ್ಪು ಕಡಿಮೆ, ಏಕೆಂದರೆ 400 ಮಿ.ಮೀ. ಉದ್ದದ ಗೆರೆಯಲ್ಲಿ ಅರ್ಧ ಡಿಗ್ರಿಯೂ ಕಣ್ಣಿಗೆ ಕಾಣುತ್ತದೆ.

ಡ್ರಿಲ್ ಯಾವ ಕಡೆಗೆ ವಾಲಬೇಕು? ಎರಡು ಸಲ ಉಲ್ಟಾ ಕೊರೆದಾಯಿತು.

ಕೆಳಮೈಯಿಂದ ಕೊರೆಯುವಾಗ ಡ್ರಿಲ್ ನಿಂತಿರುವ ಜಾಗವೇ ಕಾಲು ನಿಲ್ಲುವ ಜಾಗ. ಹಾಗಾಗಿ ಡ್ರಿಲ್ಲಿನ ಹಿಂಬದಿ ಹೊರಕ್ಕೆ, ಪಾದ ಇರಬೇಕಾದ ಕಡೆಗೆ ವಾಲಬೇಕು. ಮೇಲ್ಮೈಯಿಂದ ಕೊರೆಯುವಾಗ ತದ್ವಿರುದ್ಧ, ಡ್ರಿಲ್ ಆಸನದ ನಡುವಿನ ಕಡೆಗೆ ವಾಲುತ್ತದೆ. ಪ್ರತಿ ತೂತಿನ ಪಕ್ಕದಲ್ಲೂ ಡ್ರಿಲ್ ವಾಲುವ ದಿಕ್ಕಿಗೆ ಪೆನ್ಸಿಲ್‌ನಲ್ಲಿ ಬಾಣದ ಗುರುತು ಹಾಕಿಬಿಡಿ. ನಾಲ್ಕು ಬಾಣವನ್ನೂ ಒಮ್ಮೆ ಒಟ್ಟಿಗೆ ನೋಡಿ, ಕೆಳಮೈಯಲ್ಲಾದರೆ ನಾಲ್ಕೂ ಮೂಲೆಗಳತ್ತ ಹೊರಗೆ ಹರಡಿರಬೇಕು. ಕೆಟ್ಟ ಆಸನಗಳಲ್ಲಿ ಹೆಚ್ಚಿನವು ಕೆಡುವುದು ಈ ಅರ್ಧ ನಿಮಿಷದ ಕೆಲಸ ಬಿಟ್ಟದ್ದಕ್ಕೆ.

ಇನ್ನೊಂದು ಲೆಕ್ಕ ಮರೆಯಬಾರದು. 50 ಮಿ.ಮೀ. ದಪ್ಪದ ಹಲಗೆಯಲ್ಲಿ 17 ಡಿಗ್ರಿ ತೂತು ಮೇಲ್ಮೈಗೆ ಬರುವಷ್ಟರಲ್ಲಿ 15 ಮಿ.ಮೀ. ಒಳಕ್ಕೆ ಸರಿದಿರುತ್ತದೆ, 24 ಡಿಗ್ರಿಯ ಹಿಂಗಾಲು 22 ಮಿ.ಮೀ. ಸರಿದಿರುತ್ತದೆ. ಹಿಂಗಾಲಿನ ತೂತೂ ಬೆನ್ನಿನ ಕಡ್ಡಿಯ ತೂತೂ ಹಲಗೆಯೊಳಗೆ ಡಿಕ್ಕಿ ಹೊಡೆಯುತ್ತವೆಯೇ ಎಂದು ಕೊರೆಯುವ ಮೊದಲೇ ಅಡ್ಡಸೀಳು ನಕ್ಷೆ ಬರೆದು ನೋಡಿಕೊಳ್ಳಿ.

ಆಸನದ ಕುಳಿ ಮೊದಲು ಕೆತ್ತಬೇಕೋ, ತೂತು ಮೊದಲು ಕೊರೆಯಬೇಕೋ?

ತೂತು ಮೊದಲು. ಬೆವೆಲ್ಲೂ ಮೂಲೆಮಟ್ಟವೂ ಕೂರಲು ಸಪಾಟಾದ ಮೈ ಬೇಕು. ಬಾಚಿಯಿಂದ ಕುಳಿ ತೆಗೆದ ಮೇಲೆ ಮೇಲ್ಮೈಯಲ್ಲಿ ಅಳೆಯಲು ಆಧಾರವೇ ಉಳಿಯುವುದಿಲ್ಲ. ಹಲಗೆ ಬಾಗಿದ್ದರೆ ಎರಡೂ ಮೈಯನ್ನು ಮೊದಲು ಸಮ ಮಾಡಿ. ತಿರುಚಿಕೊಂಡ ಹಲಗೆಯ ಮೇಲೆ ಎಷ್ಟು ಜಾಗ್ರತೆಯಿಂದ ಕೊರೆದರೂ ಎಡ-ಬಲ ಕಾಲು ಬೇರೆ ಬೇರೆಯಾಗಿಯೇ ನಿಲ್ಲುತ್ತವೆ.

ಯಾವ ಬಿಟ್ ಒಳ್ಳೆಯದು?

ನಡುವೆ ಚೂಪು ಮೊನೆ, ಅಂಚಿನಲ್ಲಿ ಎರಡು ಕೊಂಬಿರುವ ಬ್ರಾಡ್ ಪಾಯಿಂಟ್ ಬಿಟ್ ಹೆಚ್ಚಿನ ಕೆಲಸಕ್ಕೆ ಸಾಕು. ಕಬ್ಬಿಣಕ್ಕೆ ಬಳಸುವ ಸಾದಾ ಟ್ವಿಸ್ಟ್ ಬಿಟ್ ಓರೆ ಮೈಯಲ್ಲಿ ಜಾರಿ, ಮರದ ಎಳೆ ಕರೆದತ್ತ ಹೋಗುತ್ತದೆ. ತುದಿಯಲ್ಲಿ ಸ್ಕ್ರೂ ಇರುವ ಆಗರ್ ಬಿಟ್ ಆಳದ ತೂತಿಗೆ ಚೆನ್ನ, ಆದರೆ ಸ್ಕ್ರೂ ಒಮ್ಮೆ ಕಚ್ಚಿತೆಂದರೆ ಅದು ಹಿಡಿದ ಕೋನವೇ ಕೊನೆ, ನಡುವೆ ತಿದ್ದಲಾಗದು. ಸಪಾಟು ತಳದ ತೂತು ಕೊರೆಯುವ ಫೋರ್ಸ್ಟ್ನರ್ ಬಿಟ್ ಡ್ರಿಲ್ ಪ್ರೆಸ್‌ನಲ್ಲಿ (ಕಂಬಕ್ಕೆ ಕೂರಿಸಿದ, ನೆಟ್ಟಗೆ ಕೆಳಗಿಳಿಯುವ ಡ್ರಿಲ್ ಯಂತ್ರ) ಅಚ್ಚುಕಟ್ಟು, ಕೈಯಲ್ಲಿ ಓರೆಯಾಗಿ ಹಿಡಿದರೆ ಒದರುತ್ತದೆ. ಬಿಟ್ ಉದ್ದವಾದಷ್ಟೂ ಕೋನ ಕಾಣುವುದು ಸುಲಭ, ಕನಿಷ್ಠ 150 ಮಿ.ಮೀ. ಹೊರಗೆ ಕಾಣುವಂತಿರಲಿ.

ಹೈ ವಿಕಂಬ್‌ನ ಹಳೆಯ ಕೆಲಸಗಾರರು ಚಮಚದಂಥ ಮೊನೆಯ ಬಿಟ್ ಹಾಕಿದ ಕೈಬೈರಿಗೆಗೆ, ಎದೆಗೆ ಕಟ್ಟಿದ ಮರದ ಹಲಗೆಯಿಂದ ಒತ್ತುಕೊಟ್ಟು ಕಣ್ಣಂದಾಜಿನಲ್ಲೇ ಕೊರೆಯುತ್ತಿದ್ದರು. ಚಮಚ ಬಿಟ್ಟಿಗೆ ಸ್ಕ್ರೂ ಇಲ್ಲದ ಕಾರಣ ಮೊದಲ ಕೆಲವು ಸುತ್ತುಗಳಲ್ಲಿ ಕೋನವನ್ನು ತಿದ್ದಿಕೊಳ್ಳಬಹುದಾಗಿತ್ತು. ದಿನವೂ ಅದೇ ನಮೂನೆಯ ಕುರ್ಚಿ ಮಾಡುವ ಕೈಗೆ ಅದು ಸಾಧ್ಯ. ವರ್ಷಕ್ಕೆ ಎರಡು ಕುರ್ಚಿ ಮಾಡುವವರು ಬೆವೆಲ್ ಬಿಡಬಾರದು.

ಒಬ್ಬರೇ ಇದ್ದಾಗ ಎರಡು ದಿಕ್ಕಿನಿಂದಲೂ ನೋಡುವುದು ಹೇಗೆ?

ಆಸನವನ್ನು ಮೇಜಿಗೆ ಬಿಗಿಯಿರಿ, ನೋಟದ ಗೆರೆ ನೇರ ನಿಮ್ಮ ಕಡೆಗೆ ಬರುವಂತೆ ತಿರುಗಿಸಿ. ಬೆವೆಲ್ಲಿನ ಹಿಡಿಯನ್ನು ಗೆರೆಯ ಪಕ್ಕದಲ್ಲೇ, ಗೆರೆಗೆ ಸಮಾನಾಂತರವಾಗಿ ಇಡಿ. ತೂತಿನ ಪಕ್ಕದಲ್ಲಿ, ಒಂದಡಿ ದೂರದಲ್ಲಿ ಕೈಗನ್ನಡಿಯೊಂದನ್ನು ನೆಟ್ಟಗೆ ನಿಲ್ಲಿಸಿ. ನಿಮ್ಮ ಕಣ್ಣು ಗೆರೆಯ ನೇರದಲ್ಲಿದ್ದು ಎಡ-ಬಲ ನೋಡಿಕೊಳ್ಳುತ್ತದೆ, ಕನ್ನಡಿ ಪಕ್ಕದ ನೋಟ ತೋರಿಸುತ್ತದೆ. ಲಂಬ ಗೆರೆ ಚೆಲ್ಲುವ ಲೇಸರ್ ಇದ್ದರೆ, ಆಸನ ಮಟ್ಟಸವಾಗಿದೆ ಎಂದು ಖಚಿತ ಮಾಡಿಕೊಂಡು ಅದರ ಬೆಳಕನ್ನು ನೋಟದ ಗೆರೆಯ ಮೇಲೇ ಹಾಯಿಸಿ. ಬಿಟ್ಟಿನ ಉದ್ದಕ್ಕೂ ಬೆಳಕು ಬಿದ್ದಿರುವ ತನಕ ಎಡ-ಬಲ ಸರಿಯಿದೆ ಎಂದರ್ಥ.

ಕೋನವನ್ನು ಬಿಟ್ಟಿನ ದಂಡದ ಮೇಲೆ ನೋಡಿ, ಡ್ರಿಲ್ಲಿನ ಪ್ಲಾಸ್ಟಿಕ್ ಮೈಯನ್ನು ನೋಡಬೇಡಿ. ಅದರ ಹಿಡಿಯ ಓರೆ ಕಣ್ಣಿಗೆ ಮೋಸ ಮಾಡುತ್ತದೆ. ಮೊನೆ ಊರುವವರೆಗೆ ಬಿಟ್ ನೆಟ್ಟಗಿರಲಿ, ಊರಿದ ಕೂಡಲೇ ಓರೆಗೆ ತಂದು, ವೇಗ ಹೆಚ್ಚಿಟ್ಟು ಒತ್ತಡ ಕಡಿಮೆ ಮಾಡಿ ಮೊದಲ 5 ಮಿ.ಮೀ. ಹೋಗಿ. ಅಲ್ಲಿ ನಿಲ್ಲಿಸಿ, ಎರಡೂ ಕಡೆಯಿಂದ ನೋಡಿ. ತಿದ್ದುವುದಿದ್ದರೆ ಆಗಲೇ ತಿದ್ದಬೇಕು.

ಕೊನೆಯಲ್ಲಿ ಮೊನೆ ಆಚೆ ಕಂಡ ಕೂಡಲೇ ನಿಲ್ಲಿಸಿ ಆ ಕಡೆಯಿಂದ ಮುಗಿಸಿ, ಇಲ್ಲವೇ ಅಡಿಗೆ ರದ್ದಿ ಮರದ ತುಂಡು ಬಿಗಿದಿಡಿ. ಇಲ್ಲದಿದ್ದರೆ ಮೇಲ್ಮೈಯ ಚಕ್ಕೆ ಎದ್ದುಬರುತ್ತದೆ.

ಡ್ರಿಲ್ ಪ್ರೆಸ್ ಇದ್ದರೆ ಈ ತಾಪತ್ರಯ ಇಲ್ಲವಲ್ಲ?

ಕಾಲಿನ ತೂತುಗಳ ಮಟ್ಟಿಗೆ ನಿಜ. ಮೇಜನ್ನು 17 ಡಿಗ್ರಿಗೆ ಓರೆ ಮಾಡಿ, ನೋಟದ ಗೆರೆ ಆ ಇಳಿಜಾರಿನ ನೇರಕ್ಕೆ ಬರುವಂತೆ ಆಸನ ತಿರುಗಿಸಿ ಬಿಗಿದರೆ ಮುಗಿಯಿತು. ಆದರೆ ಬೆಂಚಿನ ಮೇಲಿಡುವ ಚಿಕ್ಕ ಯಂತ್ರಗಳಲ್ಲಿ ಕಂಬಕ್ಕೂ ಬಿಟ್ಟಿಗೂ ನಡುವೆ ಜಾಗ ಕಡಿಮೆ, 450 ಮಿ.ಮೀ. ಹಲಗೆ ಕಂಬಕ್ಕೆ ತಾಗುತ್ತದೆ. ಬೆನ್ನಿನ ಕಡ್ಡಿಗಳಿಗಂತೂ ಪ್ರತಿ ತೂತಿಗೂ ಹೊಸ ಕೋನ ಇರುವುದರಿಂದ ಪ್ರತಿ ಸಲ ಹೊಂದಿಸುವುದೇ ಒಂದು ದಿನದ ಕೆಲಸ.

ನಡುವಿನ ದಾರಿಯೆಂದರೆ ಮರದ ಗುಂಡಿ. ಸುಮಾರು 60 ಮಿ.ಮೀ. ಚೌಕದ, 100 ಮಿ.ಮೀ. ಎತ್ತರದ ಗಟ್ಟಿ ಮರದ ತುಂಡಿಗೆ ಪ್ರೆಸ್‌ನಲ್ಲಿ ನೆಟ್ಟನೆ ತೂತು ಕೊರೆಯಿರಿ. ನಂತರ ಅದರ ಬುಡವನ್ನು ಗರಗಸದಲ್ಲಿ 17 ಡಿಗ್ರಿಗೆ ಓರೆ ಕತ್ತರಿಸಿ. ಓರೆ ಬುಡವನ್ನು ಆಸನಕ್ಕೆ ಒತ್ತಿ, ಗುಂಡಿಯ ಮೈಮೇಲೆ ಎಳೆದ ನಡುಗೆರೆಯನ್ನು ನೋಟದ ಗೆರೆಗೆ ಸೇರಿಸಿ ಕ್ಲ್ಯಾಂಪ್ ಹಾಕಿದರೆ ಕೈಡ್ರಿಲ್ಲೂ ತಪ್ಪುವುದಿಲ್ಲ. ಮುಂಗಾಲಿಗೊಂದು, ಹಿಂಗಾಲಿಗೊಂದು, ಎರಡು ಗುಂಡಿ ಸಾಕು. ಒಂದೇ ನಮೂನೆಯಲ್ಲಿ ನಾಲ್ಕಾರು ಕುರ್ಚಿ ಮಾಡುವವರಿಗೆ ಇದಕ್ಕಿಂತ ಲಾಭದ ಸಾಧನ ಬೇರೆ ಇಲ್ಲ.

ಎಷ್ಟು ಡಿಗ್ರಿ ವ್ಯತ್ಯಾಸ ನಡೆಯುತ್ತದೆ?

ನಕ್ಷೆಯಲ್ಲಿ 17 ಇದ್ದದ್ದು 18 ಆದರೆ ಯಾರಿಗೂ ಗೊತ್ತಾಗದು. ಎಡಗಾಲು 17, ಬಲಗಾಲು 19 ಆದರೆ ಬಾಗಿಲಲ್ಲಿ ನಿಂತವರಿಗೂ ಕಾಣುತ್ತದೆ. ಜೋಡಿಗಳು ಒಂದಕ್ಕೊಂದು ಹೊಂದುವುದೇ ಮುಖ್ಯ. ಒಂದು ಕಾಲು ತುಸು ತಪ್ಪಿದರೆ ಅದನ್ನು ನಕ್ಷೆಗೆ ತರಲು ಹೆಣಗುವುದಕ್ಕಿಂತ ಅದರ ಜೋಡಿಯನ್ನೂ ಅಷ್ಟೇ ವಾಲಿಸುವುದು ಎಷ್ಟೋ ಸಲ ಜಾಣತನ.

ರೀಮರ್ (ತೂತನ್ನು ಶಂಕುವಿನಂತೆ ಅಗಲ ಮಾಡುವ ಸಾಧನ) ಏಕೆ ಬೇಕು? ನೆಟ್ಟನೆ ತೂತಿಗೆ ನೆಟ್ಟನೆ ಗೂಟ ಹಾಕಿದರಾಗದೇ?

ಆಗುತ್ತದೆ, ಹಾಗೆ ಮಾಡಿದ ಕುರ್ಚಿಗಳೂ ಇವೆ. ಆದರೆ ಶಂಕುವಿನಂತೆ ಸಣ್ಣವಾಗುತ್ತ ಹೋಗುವ ಗೂಟಕ್ಕೆ ಎರಡು ಗುಣಗಳಿವೆ. ಕುಳಿತವರ ಭಾರ ಬಿದ್ದಷ್ಟೂ ಅದು ಬಿಗಿಯಾಗುತ್ತದೆ. ಅದಕ್ಕಿಂತ ದೊಡ್ಡದು, ಕೊರೆದಾದ ಮೇಲೂ ಕೋನ ತಿದ್ದಲು ಅದು ಅವಕಾಶ ಕೊಡುತ್ತದೆ.

ರೂಢಿಯಲ್ಲಿರುವ ಒಂದು ಅಳತೆ ಒಟ್ಟು 6 ಡಿಗ್ರಿ ಇಳಿಜಾರಿನ ರೀಮರ್. 16 ಮಿ.ಮೀ. (5/8 ಇಂಚು) ತೂತನ್ನು ಆರುಪಾರು ಕೊರೆದು, ಕೆಳಮೈಯಿಂದ ರೀಮರ್ ಹಾಕಿ ತಿರುಗಿಸಬೇಕು. 50 ಮಿ.ಮೀ. ಹಲಗೆಯಲ್ಲಿ ಕೆಳಬಾಯಿ ಸುಮಾರು 21.5 ಮಿ.ಮೀ.ಗೆ ಅಗಲವಾಗುತ್ತದೆ. ಕಾಲಿನ ಗೂಟವನ್ನು ಲೇತಿನಲ್ಲಿ ಅದೇ 6 ಡಿಗ್ರಿಗೆ ಇಳಿಸಿರಬೇಕು. ಅರ್ಧ ಡಿಗ್ರಿ ಹೆಚ್ಚುಕಡಿಮೆಯಾದರೂ ಗೂಟ ಒಂದು ತುದಿಯಲ್ಲಿ ಮಾತ್ರ ಹಿಡಿಯುತ್ತದೆ. ಗೂಟಕ್ಕೆ ಪೆನ್ಸಿಲ್ ಉಜ್ಜಿ, ತೂತಿನಲ್ಲಿ ತಿರುಗಿಸಿ ತೆಗೆದರೆ ಎಲ್ಲಿ ತಾಗುತ್ತದೆ ಎಂಬುದು ತೂತಿನ ಗೋಡೆಯ ಮೇಲೆ ಕಪ್ಪಾಗಿ ಕಾಣುತ್ತದೆ.

ನೆನಪಿಡಬೇಕಾದ ಸಂಖ್ಯೆ ಇದು: ತೂತು 1 ಮಿ.ಮೀ. ಅಗಲವಾದರೆ ಕಾಲು ಸುಮಾರು 9.5 ಮಿ.ಮೀ. ಒಳಗಿಳಿಯುತ್ತದೆ. ಹಾಗಾಗಿ ಕೊನೆಯ ಹಂತದಲ್ಲಿ ಎರಡು ಸುತ್ತು ಹೆಚ್ಚಾದರೂ ಕುರ್ಚಿಯ ಒಂದು ಮೂಲೆ ಕುಸಿಯುತ್ತದೆ. ಗೂಟ ಪೂರ್ತಿ ಕೂರಲು ಇನ್ನೂ 12ರಿಂದ 15 ಮಿ.ಮೀ. ಇರುವಾಗಲೇ ಪರೀಕ್ಷೆ ಶುರುವಾಗಲಿ. ಕಾಲನ್ನು ಸಿಕ್ಕಿಸಿ, ನೋಟದ ಗೆರೆಯ ಮೇಲೆ ಬೆವೆಲ್, ಗೆರೆಗೆ ಅಡ್ಡವಾಗಿ ಮೂಲೆಮಟ್ಟ ಇಟ್ಟು ನೋಡಿ. ಪಾದ ಯಾವ ಕಡೆಗೆ ಹೋಗಬೇಕೋ ರೀಮರಿನ ಹಿಡಿಯನ್ನು ಆ ಕಡೆಗೆ ಒತ್ತಿ ಎರಡು ಮೂರು ಸುತ್ತು ತಿರುಗಿಸಿ. ಹುಡಿ ತೆಗೆದು ಮತ್ತೆ ಸಿಕ್ಕಿಸಿ ನೋಡಿ. ಈ ರೀತಿ 2–3 ಡಿಗ್ರಿ ತಿದ್ದಬಹುದು, ಅದಕ್ಕಿಂತ ಹೆಚ್ಚಾದರೆ ತೂತಿನ ಬಾಯಿ ಮೊಟ್ಟೆಯಾಕಾರವಾಗುತ್ತದೆ. ತಿರುವುಗಳುಳ್ಳ ಕಾಲಿನ ಮೇಲೆ ಬೆವೆಲ್ ಇಡಲು ನೇರ ಗೆರೆ ಸಿಗುವುದಿಲ್ಲ. ಅದೇ ಗೂಟವಿರುವ, ತಿರುವಿಲ್ಲದ 300 ಮಿ.ಮೀ. ಉದ್ದದ ನೇರ ಕೋಲೊಂದನ್ನು ಪರೀಕ್ಷೆಗೆಂದೇ ಮಾಡಿಟ್ಟುಕೊಳ್ಳಿ.

ಕಾಲುಗಳ ನಡುವಿನ ಅಡ್ಡಗೋಲಿನ ತೂತಿಗೆ ಕೋನ ಎಲ್ಲಿಂದ ಬರುತ್ತದೆ?

ನಕ್ಷೆಯಿಂದ ತೆಗೆಯಬೇಡಿ, ನಿಂತ ಕುರ್ಚಿಯಿಂದ ತೆಗೆಯಿರಿ. ನಾಲ್ಕೂ ಕಾಲನ್ನು ಅಂಟಿಲ್ಲದೆ ಕೂರಿಸಿ, ಕಾಲು ಮತ್ತು ಆಸನ ಎರಡಕ್ಕೂ ಸೇರಿ ಒಂದೊಂದು ಪೆನ್ಸಿಲ್ ಗೀಟು ಹಾಕಿ ಅಂಕಿ ಕೊಡಿ. ಕಾಲು ಒಂದಿಷ್ಟು ತಿರುಗಿದರೂ ಮುಂದಿನ ತೂತು ಬೇರೆಡೆ ನೋಡುತ್ತದೆ. ಆಸನದ ಅಡಿಯಿಂದ ಅಳೆದು ಮುಂಗಾಲು, ಹಿಂಗಾಲು ಎರಡರಲ್ಲೂ ಎತ್ತರ ಗುರುತಿಸಿ, ಎರಡು ಗುರುತುಗಳಿಗೂ ರಬ್ಬರ್ ಬ್ಯಾಂಡ್ ಎಳೆದು ಕಟ್ಟಿ. ಅದಕ್ಕೂ ಕಾಲಿಗೂ ನಡುವಿನ ಕೋನವನ್ನು ಬೆವೆಲ್‌ನಲ್ಲಿ ಹಿಡಿಯಿರಿ. ಮುಂದಿನ ಕೋನ ಬೇರೆ, ಹಿಂದಿನದು ಬೇರೆ. ನಂತರ ಕಾಲನ್ನು ಬಿಚ್ಚಿ, ‘ವಿ’ ಆಕಾರದ ತೊಟ್ಟಿಲಿನಲ್ಲಿ ಮಲಗಿಸಿ ಕೊರೆಯಿರಿ. 42 ಮಿ.ಮೀ. ದಪ್ಪದ ಕಾಲಿಗೆ 16 ಮಿ.ಮೀ. ಅಗಲ, 25 ಮಿ.ಮೀ. ಆಳ ಸಾಕು. ಬಿಟ್ಟಿಗೆ ಟೇಪ್ ಸುತ್ತಿ ಆಳ ಗುರುತಿಸಿ, ಬ್ರಾಡ್ ಪಾಯಿಂಟಿನ ಮೊನೆಯ ಉದ್ದವನ್ನೂ ಲೆಕ್ಕಕ್ಕೆ ಹಿಡಿಯಿರಿ.

ಅಡ್ಡಗೋಲಿನ ಉದ್ದ: ಕಾಲುಗಳ ನಡುವಿನ ಅಂತರ, ಎರಡೂ ತೂತಿನ ಆಳ, ಜೊತೆಗೆ ಸುಮಾರು 3 ಮಿ.ಮೀ. ಆ ಹೆಚ್ಚುವರಿ ಉದ್ದ ಕಾಲುಗಳನ್ನು ಹೊರಕ್ಕೆ ತಳ್ಳಿ ಬಿಗಿ ಹಿಡಿಯುತ್ತದೆ.

ಬೆನ್ನಿನ ಕಡ್ಡಿಗಳು ಬೀಸಣಿಗೆಯಂತೆ ಹರಡಿವೆ. ಏಳೋ ಒಂಬತ್ತೋ ಬೇರೆ ಬೇರೆ ಕೋನ. ಎಲ್ಲವನ್ನೂ ಲೆಕ್ಕ ಹಾಕಬೇಕೇ?

ಒಂದನ್ನೂ ಹಾಕಬೇಕಿಲ್ಲ. ಬಾಗಿಸಿದ ಬಿಲ್ಲನ್ನು (ಕಡ್ಡಿಗಳ ಮೇಲ್ತುದಿ ಸೇರುವ, ಬೆನ್ನಿನ ಸುತ್ತಿನ ಕಮಾನಿನಂಥ ಮರ) ಮೊದಲು ಆಸನದಲ್ಲಿರುವ ಅದರ ಸ್ವಂತ ತೂತುಗಳಲ್ಲಿ ನಿಲ್ಲಿಸಿ, ಬೇಕಾದ ಓರೆಯಲ್ಲಿ ಕೋಲು ಕೊಟ್ಟು ಹಿಡಿಸಿ. ಆಸನದ ಹಿಂಬದಿಯಲ್ಲೂ ಬಿಲ್ಲಿನ ಮೇಲೂ ಕಡ್ಡಿಯ ಜಾಗ ಗುರುತಿಸಿ. ನೇರವಾದ ಕೋಲೊಂದನ್ನು ಎರಡು ಗುರುತುಗಳಿಗೆ ಹಿಡಿದು, ಅದು ವಾಲಿದ ದಿಕ್ಕನ್ನು ಆಸನದ ಮೇಲೆ ಗೆರೆ ಎಳೆದುಕೊಳ್ಳಿ, ಬೆವೆಲ್ಲನ್ನು ಆ ಗೆರೆಯ ಮೇಲಿಟ್ಟು ಕೋಲಿಗೆ ಹೊಂದಿಸಿ. ಕಾಲಿನದೇ ವಿಧಾನ, ಕೋನ ಮಾತ್ರ ಕುರ್ಚಿಯೇ ಕೊಟ್ಟದ್ದು. ಬಿಲ್ಲು ತೆಗೆದು 12.7 ಮಿ.ಮೀ. (ಅರ್ಧ ಇಂಚು) ಬಿಟ್ಟಿನಲ್ಲಿ 25 ಮಿ.ಮೀ. ಆಳಕ್ಕೆ ಕೊರೆಯಿರಿ. ಎಡ-ಬಲ ಜೋಡಿ ತೂತುಗಳನ್ನು ಒಂದರ ಬೆನ್ನಿಗೊಂದು ಕೊರೆದರೆ ಬೆವೆಲ್ಲನ್ನು ಮತ್ತೆ ಹೊಂದಿಸುವ ಕೆಲಸ ತಪ್ಪುತ್ತದೆ.

ಬಿಲ್ಲಿನ ತೂತು ಇನ್ನೂ ಸೂಕ್ಷ್ಮ. ಬಿಲ್ಲಿನ ದಪ್ಪ 22 ಮಿ.ಮೀ. ಆಸುಪಾಸು, ತೂತು 9.5 ಮಿ.ಮೀ. (3/8 ಇಂಚು). ಎರಡೂ ಬದಿ ಉಳಿಯುವುದು ಬರೀ 6 ಮಿ.ಮೀ. ಗೋಡೆ. ಬಿಲ್ಲನ್ನು ಮರಳಿ ನಿಲ್ಲಿಸಿ, ಉದ್ದನೆಯ ಬಿಟ್ಟಿನಿಂದ, ಬಿಲ್ಲಿನ ಹೊರಬದಿಯಿಂದ ಕೆಳಕ್ಕೆ, ಆಸನದ ತೂತನ್ನೇ ಗುರಿಯಾಗಿಟ್ಟು ಕೊರೆಯಿರಿ. ಒಳಬದಿಗೆ ಚಿಕ್ಕ ತುಂಡು ಕಟ್ಟಿದ್ದರೆ ಚಕ್ಕೆ ಏಳುವುದಿಲ್ಲ. ಬಿಲ್ಲಿನ ಭುಜದ ಹತ್ತಿರ ಹೊರಗಿನ ಕಡ್ಡಿ ತೀರಾ ಓರೆಯಾಗಿ ಸೇರುತ್ತದೆ, ಬಿಟ್ ಜಾರುವುದು ಅಲ್ಲೇ. ಮೊದಲು ಗುಂಡುಳಿಯಿಂದ ಸಣ್ಣ ಕಚ್ಚು ಮಾಡಿ, ಅದರಲ್ಲಿ ಮೊನೆಯೂರಿ ಶುರು ಮಾಡಿ.

ತೂತು ಸರಿಯಾಗಿತ್ತು, ಆರು ತಿಂಗಳಿಗೆ ಕಡ್ಡಿ ಸಡಿಲವಾಯಿತು. ಏಕೆ?

ಮರದ ತೇವ. ಕರಾವಳಿಯ ಮಳೆಗಾಲದಲ್ಲಿ ಗಾಳಿಯ ಆರ್ದ್ರತೆ ಶೇ. 80 ದಾಟಿದಾಗ ಮರದೊಳಗಿನ ತೇವ ಶೇ. 16ರ ಹತ್ತಿರ ನಿಲ್ಲುತ್ತದೆ. ಒಣ ಬೇಸಿಗೆಯಲ್ಲಿ ಆರ್ದ್ರತೆ ಶೇ. 30ಕ್ಕೆ ಇಳಿದರೆ ಅದು ಶೇ. 6ರ ಸುಮಾರಿಗೆ ಬರುತ್ತದೆ. ಈ ಇಳಿತಕ್ಕೆ ಆಶ್ ಮರದ 12.7 ಮಿ.ಮೀ. ಗೂಟ ಒಂದು ದಿಕ್ಕಿನಲ್ಲಿ ಸುಮಾರು 0.3 ಮಿ.ಮೀ. ಸೊರಗುತ್ತದೆ, ಸಡಿಲವಾಗಲು ಅಷ್ಟು ಸಾಕು. ಮಂಗಳೂರಿನಲ್ಲಿ ಜುಲೈಯಲ್ಲಿ ಜೋಡಿಸಿ ಕಲಬುರಗಿಗೆ ಒಯ್ದರೆ ಆಗುವುದು ಇದೇ. ಕಡ್ಡಿಗಳ ತುದಿಯನ್ನು ಮಾತ್ರ ಬಲ್ಬ್ ಉರಿಸಿದ ಪೆಟ್ಟಿಗೆಯಲ್ಲಿ 50–60 ಡಿಗ್ರಿ ಸೆಲ್ಸಿಯಸ್ ಬಿಸಿಗೆ ಕೆಲವು ದಿನ ಒಣಗಿಸಿ, ಒಣಗಿದ ಮೇಲೆಯೇ ಅಂತಿಮ ಅಳತೆಗೆ ತಂದು, ತಡ ಮಾಡದೆ ಜೋಡಿಸಿ. ಆಸನ, ಬಿಲ್ಲು ಸಹಜ ತೇವದಲ್ಲಿರಲಿ. ಒಣ ಗೂಟ ಒಳಗೆ ಉಬ್ಬಿ ಹಿಡಿಯುತ್ತದೆ.

ಬೆಣೆ ಯಾವ ದಿಕ್ಕಿಗೆ ಹೊಡೆಯಬೇಕು?

ಆಸನದ ಎಳೆಗೆ ಅಡ್ಡವಾಗಿ. ಎಳೆಯ ಉದ್ದಕ್ಕೆ ಹೊಡೆದರೆ ಬೆಣೆ ಹಲಗೆಯನ್ನೇ ಸೀಳುತ್ತದೆ. ಗೂಟದ ಸೀಳನ್ನು ಕಾಲು ಕೂರಿಸುವ ಮೊದಲೇ ಆ ದಿಕ್ಕಿಗೆ ಮಾಡಿಡಿ.

ಒಂದು ತೂತು ಪೂರ್ತಿ ತಪ್ಪಿಹೋಗಿದೆ. ಆಸನ ಎಸೆಯಬೇಕೇ?

ಎಸೆಯಬೇಡಿ. ತಪ್ಪಿದ ತೂತಿಗೂ ರೀಮರ್ ಹಾಕಿ ಶುದ್ಧ ಶಂಕುವಾಗಿಸಿ. ಅದೇ ಜಾತಿಯ ಒಣ ಮರದಿಂದ ಅದೇ ಇಳಿಜಾರಿನ ಬಿರಡೆ ಕಡೆದು, ಅಂಟು ಹಚ್ಚಿ, ಕೊಡತಿಯಿಂದ ಬಡಿದು ಒಂದು ರಾತ್ರಿ ಬಿಡಿ. ಎರಡೂ ಮೈಗೆ ಸಮ ಮಾಡಿ ಹೊಸ ಕೇಂದ್ರ ಗುರುತಿಸಿ. ಹೊಸ ತೂತು ಅರ್ಧ ಬಿರಡೆಯಲ್ಲಿ, ಅರ್ಧ ಹಲಗೆಯಲ್ಲಿ ಬಿದ್ದರೆ ಬಿಟ್ ಮೆತ್ತನೆಯ ಕಡೆಗೆ ಎಳೆಯುತ್ತದೆ. ಅಂಥಲ್ಲಿ ಮೇಲೆ ಹೇಳಿದ ಮರದ ಗುಂಡಿಯನ್ನು ಕ್ಲ್ಯಾಂಪ್ ಹಾಕಿಯೇ ಕೊರೆಯಬೇಕು. ಕೆಳಗಡೆಯ ತೇಪೆ ಯಾರಿಗೂ ಕಾಣದು. ಮೇಲ್ಮೈಯ ತೇಪೆ ಹೆಚ್ಚಾಗಿ ಕುಳಿ ಕೆತ್ತುವ ಭಾಗದ ಅಂಚಿಗೆ ಬರುವುದರಿಂದ ಬಿರಡೆ ಹಲಗೆಯ ಪೂರ್ತಿ ದಪ್ಪಕ್ಕೂ ಇರಲಿ, ಇಲ್ಲದಿದ್ದರೆ ಕೆತ್ತುವಾಗ ಪೊಳ್ಳು ಬಾಯಿಬಿಡುತ್ತದೆ.